ಒಲೆಯಿಲ್ಲದ ಕೋಣೆ

ಬೇರೊಬ್ಬರ ಮನೆಯೊಳಗಿನ ಸಂಗತಿಯನ್ನು ಹೇಳಲು ಹೊರಟಿದ್ದೇನೆ, ಓದುವವರು ಮನ್ನಿಸಬೇಕು. ಹೇಳುವ ಹಕ್ಕು ನನಗಿದೆಯೇ ಎಂದು ಈಗಲೂ ಖಾತ್ರಿಯಿಲ್ಲ. ನಾರಿನ್ ಪಟ್ಟಣದಲ್ಲಿ ಸಂಜೆ ತರಗತಿಗೆ ಹೋಗಿ ಸಮಾಜಸೇವೆಯ ಕೋರ್ಸು ಮುಗಿಸಿದ ನಾನು ನಮ್ಮ ಗ್ರಾಮಾಡಳಿತದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಸುತ್ತಲ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ, ಕೈಲಾಗದವರ ಜವಾಬ್ದಾರಿಯೆಲ್ಲ ನನ್ನೊಬ್ಬಳದು.

ಜನವರಿಯಲ್ಲಿ ಮೇಲಿನ ಹಳ್ಳಿಯ ನರ್ಸು ಫೋನು ಮಾಡಿದಳು. ಜಪಾರನ ಮಣಿಕಟ್ಟು, ತೋಳುಗಳ ಮೇಲೆಲ್ಲ ನೀಲಿ ಗುರುತುಗಳಿವೆ, ಏನಾಯಿತೆಂದು ಕೇಳಿದರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಾನೆ ಎಂದಳು. ಜಪಾರಣ್ಣ ಕುದುರೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು. ಅವನ ತಮ್ಮ ಚಳಿಗಾಲವಿಡೀ ಕುರಿಮಂದೆಯ ಜೊತೆ ಬೆಟ್ಟದಲ್ಲಿರುತ್ತಾನೆ. ಊಟ, ಸ್ನಾನ, ಹೊರಳಿಸಿ ಮಲಗಿಸುವುದು ಎಲ್ಲವೂ ತಮ್ಮನ ಹೆಂಡತಿ ಬುರ್ಮಾಕಾನಳ ಪಾಲಿಗೆ.

ಪೊಲೀಸಿನವರು, ಮೊದಲು ನೀವು ಕೇಳಿಕೊಂಡು ಬನ್ನಿ ಎಂದರು. ಕಚೇರಿಯ ಜೀಪಿಗೆ ಆ ತಿಂಗಳ ಪೆಟ್ರೋಲು ಮುಗಿದಿತ್ತು. ವಿಚಾರಿಸಿ, ಆದರೆ ಯಾರನ್ನೂ ಕರೆತರಬೇಡಿ, ಇಡಲು ಜಾಗವಿಲ್ಲ ಎಂದರು ಅಧ್ಯಕ್ಷರು. ಅದು ನಿಜವೇ. ಜಿಲ್ಲೆಯ ಅಶಕ್ತರ ಆಶ್ರಮದಲ್ಲಿ ವಸಂತದವರೆಗೆ ಒಂದು ಹಾಸಿಗೆಯೂ ಖಾಲಿಯಿಲ್ಲವೆಂದು ಕೇಳಿ ತಿಳಿದುಕೊಂಡಿದ್ದೆ. ಕಡೆಗೆ ಬಡವರ ಮನೆಗಳಿಗೆ ಕಲ್ಲಿದ್ದಲು ಹಂಚುವ ಲಾರಿ ಹತ್ತಿ ಹೋದೆ.

ಲಾರಿಯ ಸದ್ದಿಗೆ ಬುರ್ಮಾಕಾನ್ ಖಾಲಿ ಚೀಲ ಹಿಡಿದುಕೊಂಡೇ ಅಂಗಳಕ್ಕೆ ಬಂದಳು. ನಾನು ಬಂದದ್ದು ಕಲ್ಲಿದ್ದಲಿಗಲ್ಲ ಎಂದಾಗ ಚೀಲ ಮಡಚಿಟ್ಟು, "ಹೋಗ್ಲಿ ಬಿಡಿ ಅಕ್ಕಾ, ಚಾನಾದ್ರೂ ಕುಡೀರಿ, ಮೈ ಬೆಚ್ಚಗಾಗುತ್ತೆ," ಎಂದು ಒಳಗೆ ಕರೆದಳು. ಲಾರಿ ಮುಂದಿನ ಮನೆಗೆ ಹೋಯಿತು.

ಎರಡು ಕೋಣೆಯ ಮನೆ. ಒಲೆ ಇದ್ದದ್ದು ಒಂದರಲ್ಲಿ. ಜಪಾರಣ್ಣನ ಹಾಸಿಗೆ ಅಲ್ಲೇ, ಮಕ್ಕಳೂ ಅಲ್ಲೇ, ಜ್ವರ ಬಂದ ಕೂಸಿನ ತೊಟ್ಟಿಲೂ ಅಲ್ಲೇ. ಇಂಥ ಪ್ರಶ್ನೆಗಳನ್ನು ಏಕಾಂತದಲ್ಲೇ ಕೇಳಬೇಕೆಂಬುದು ನಿಯಮ. ಕೂಸನ್ನು ಹೊರಗೆ ಕಳಿಸುವಂತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಾತಾಡೋಣವೇ ಎಂದು ಕೇಳಿದೆ.

"ಅಲ್ಲಿ ಚಳಿಗಾಲದ ಮಾಂಸ ನೇತುಹಾಕಿದೀವಿ ಅಕ್ಕಾ. ಮನುಷ್ಯರು ಕೂರೋ ಜಾಗ ಅಲ್ಲ ಅದು."

"ನನ್ನೂ ಪಕ್ಕದಲ್ಲೇ ನೇತುಹಾಕಿ. ಕೆಡಲ್ಲ," ಎಂದ ಜಪಾರಣ್ಣ. ಮಕ್ಕಳು ನಕ್ಕರು. ಬುರ್ಮಾಕಾನಳೂ ನಕ್ಕಳು.

ಅವನನ್ನು ಎತ್ತುವ ಶಕ್ತಿ ನನಗಿರಲಿಲ್ಲ. ಬುರ್ಮಾಕಾನ್ ಅವನಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಅವನ ಎರಡೂ ಮಣಿಕಟ್ಟುಗಳನ್ನು ತನ್ನ ಹೆಗಲ ಮೇಲಿಂದ ಬಿಗಿಯಾಗಿ ಎಳೆದು ಹಿಡಿದು, ಒಂದೇ ಉಸಿರಿಗೆ ಎದ್ದಳು. ಯಾರ ವಿಷಯವಾಗಿ ಕೇಳಲು ಬಂದಿದ್ದೆನೋ ಅವಳೇ ಅವನನ್ನು ಹೊತ್ತುಕೊಂಡು ಹೋದಳು. ಹಿಟ್ಟಿನ ಚೀಲಗಳ ನಡುವೆ ಕೂರಿಸಿ, ಎರಡು ರಜಾಯಿ ಹೊದಿಸಿ, "ಕಾಲು ಮುಚ್ಚಿದೆಯಾ ಭಾವಾ?" ಎಂದು ಕೇಳಿ, ಬಾಗಿಲು ಎಳೆದುಕೊಂಡಳು.

ನಮ್ಮಿಬ್ಬರ ಉಸಿರೂ ಹೊಗೆಯಂತೆ ಏಳುತ್ತಿತ್ತು. ತೋಳಿನ ಗುರುತುಗಳು ಹೇಗಾದವು, ಯಾರಾದರೂ ಹೊಡೆಯುತ್ತಾರೆಯೇ ಎಂದು ಮೆಲ್ಲಗೆ ಕೇಳಿದೆ. ಅವನು ಬಾಗಿಲ ಕಡೆ ನೋಡಿದ.

"ಹೇಳಿದ್ರೆ ನನ್ನ ಎಲ್ಲಿ ಮಲಗಿಸ್ತೀಯ, ತಂಗಿ?"

ಜಿಲ್ಲೆಗೆ ಬರೆಯುತ್ತೇನೆ, ವಸಂತದಲ್ಲಿ ಹಾಸಿಗೆ ಸಿಗಬಹುದು ಎಂದೆ.

"ನಾನು ಕೇಳಿದ್ದು ಇವತ್ತು ರಾತ್ರಿ."

ನನ್ನ ಮನೆ ಕಣ್ಣ ಮುಂದೆ ಬಂತು. ಅಲ್ಲೂ ಒಲೆ ಒಂದೇ, ಅದರ ಪಕ್ಕದಲ್ಲಿ ಮಾವನ ಹಾಸಿಗೆ. ಅಷ್ಟರಲ್ಲಿ ಅವನ ತುಟಿ ಕಪ್ಪಿಟ್ಟಿತ್ತು.

"ಹಾಗಾದ್ರೆ ಬಿದ್ದೆ ಅಂತ ಬರ್ಕೋ."

"ಹಾಸಿಗೆಯಿಂದಲಾ, ಅಣ್ಣ?"

"ಹಾಸಿಗೆಯಿಂದಲೇ. ಕುದುರೆಯಿಂದ ಬಿದ್ದೋನಿಗೆ ಇದೇನು ಎತ್ತರ." ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ಅವಳನ್ನ ಕರಿ. ಚಳಿ ತಡೀಲಾರೆ."

ಇನ್ನೊಂದು ಪ್ರಶ್ನೆ ಕೇಳಬೇಕೆಂದಿದ್ದೆ, ಕೇಳಲಿಲ್ಲ. ಬಾಗಿಲು ತೆರೆದು ಬುರ್ಮಾಕಾನಳನ್ನು ಕರೆದೆ. ಅವಳು ಬಂದು, ನನ್ನ ಮುಖ ನೋಡದೆ, ಮತ್ತೆ ಅದೇ ಮಣಿಕಟ್ಟುಗಳನ್ನು ಹಿಡಿದು ಎದ್ದಳು. ಅವನು ಅವಳ ಕತ್ತಿಗೆ ಕೆನ್ನೆ ಒತ್ತಿಕೊಂಡಿದ್ದ.

ಇನ್ನೊಮ್ಮೆ ಹೋಗಬೇಕೆಂದು ಅಧ್ಯಕ್ಷರಿಗೆ ಹೇಳಿದೆ. ಯಾವ ಪೆಟ್ರೋಲಿನಲ್ಲಿ ಎಂದು ಕೇಳಿದರು, ಸಿಟ್ಟಿನಿಂದಲ್ಲ. ಮರುವಾರ ಹಿಮ ಬಿದ್ದು ದಾರಿ ಮುಚ್ಚಿತು. ದಾರಿ ತೆರೆದ ಮೇಲೂ ಗಾಡಿ ಸಿಗಲಿಲ್ಲ. ಆಶ್ರಮದಲ್ಲಿ ಹಾಸಿಗೆ ಖಾಲಿಯಾಗಿದೆ ಎಂದು ಫೋನು ಬಂದದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಆ ಕುಟುಂಬ ಅವನನ್ನೂ ಕರೆದುಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಹೋಗಿತ್ತು. ಅಲ್ಲಿ ಫೋನು ಸಿಗುವುದಿಲ್ಲ. ಹಾಸಿಗೆ ಬೇರೊಬ್ಬರಿಗೆ ಹೋಯಿತು.

ಆ ಗುರುತುಗಳು ಹೊರುವಾಗ ಹಿಡಿದ ಹಿಡಿತದವೋ, ಬೇರೆ ಯಾವುದರವೋ, ನನಗೆ ಗೊತ್ತಿಲ್ಲ.