ತಂಗಿಯ ವರದಿ ಅಕ್ಕನಿಗಾಗದು

ತಾಯಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಅಕ್ಕ ಪ್ರತಿ ವರ್ಷ ಎದೆಯ ತಪಾಸಣೆಗೆ ಹೋಗುತ್ತಿದ್ದಳು. ಈ ವರ್ಷ ಹೋಗಲಿಲ್ಲ. ಕಾರಣ, ತಂಗಿಯ ಡಿಎನ್‌ಎ ವರದಿ.

ರಿಯಾಯಿತಿಯಲ್ಲಿ ಸಿಕ್ಕಿತೆಂದು ಹಿಂದೆ ಅಕ್ಕತಂಗಿ ಮನೆಗೆ ಡಿಎನ್‌ಎ ಪರೀಕ್ಷೆಯ ಒಂದೇ ಕಿಟ್ ತರಿಸಿದ್ದರು. ತಂಗಿ ಕೊಳವೆಗೆ ಎಂಜಲು ತುಂಬಿ ಕಂಪನಿಗೆ ಕಳಿಸಿದ್ದಳು. ಪೂರ್ವಿಕರು ಎಲ್ಲಿಯವರೆಂದು ನೋಡಿ, ನಕ್ಕು, ಮರೆತಿದ್ದರು. ಮೊನ್ನೆ ಅದೇ ವರದಿಯ ಆರೋಗ್ಯದ ಭಾಗ ತೆರೆದರೆ, ಸ್ತನ ಕ್ಯಾನ್ಸರ್ ಎಂಬಲ್ಲಿ ‘ವಂಶವಾಹಿ ದೋಷ ಕಂಡುಬಂದಿಲ್ಲ’ ಎಂದಿತ್ತು.

ಅಕ್ಕ ಟೈಲರ್. ಪಕ್ಕದ ಮನೆಯ ನರ್ಸಮ್ಮ ಸಮವಸ್ತ್ರ ಸಡಿಲ ಮಾಡಿಸಲು ಬಂದಿದ್ದರು. ತಂಗಿಯೂ ಅಲ್ಲೇ ಫೋನ್ ಹಿಡಿದು ಕೂತಿದ್ದಳು.

“ಬಟ್ಟೆ ಕುಗ್ಗಿದೆ ಕಣೇ.”

“ಕುಗ್ಗಿದ್ದು ಬಟ್ಟೆನಾ ನರ್ಸಮ್ಮ, ಉಬ್ಬಿದ್ದು ನೀವಾ?”

“ಬಾಯಿಗೇನೂ ಕಮ್ಮಿಯಿಲ್ಲ. ತಪಾಸಣೆಗ್ಯಾಕೆ ಬರ್ಲಿಲ್ಲ?”

“ತಂಗಿಗೆ ಏನೂ ಇಲ್ಲ ಅಂತ ಬಂದಿದೆ. ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದೋರು. ಅನ್ನ ಬೆಂದಿದ್ಯಾ ನೋಡೋಕೆ ಒಂದು ಅಗುಳು ಸಾಕು.”

“ಅನ್ನಕ್ಕೆ ಸರಿ, ಒಡಹುಟ್ಟಿದೋರಿಗಲ್ಲ. ನಿನ್ನ ಮೂಗು ಅಮ್ಮಂದು, ಇವಳದ್ದು ಅಪ್ಪಂದು. ಅಮ್ಮನಲ್ಲಿ ದೋಷ ಇದ್ದಿದ್ರೆ ಅದೂ ಹಾಗೇ. ಒಬ್ಬಳಿಗೆ ಬಂದು ಇನ್ನೊಬ್ಬಳಿಗೆ ಬರದೇ ಇರಬಹುದು.”

ತಂಗಿ ಮುಖ ಸಿಂಡರಿಸಿದಳು. “ಹಾಗಾದ್ರೆ ನನ್ನ ವರದಿ ಸುಳ್ಳಾ?”

“ಸುಳ್ಳಲ್ಲ. ಕೆಳಗಿನ ಸಣ್ಣಕ್ಷರ ಓದು.”

ತಂಗಿ ಫೋನನ್ನು ಕಣ್ಣಿನ ಹತ್ತಿರ ತಂದಳು. “ಆಯ್ದ ಕೆಲವು ಬದಲಾವಣೆಗಳನ್ನು ಮಾತ್ರ ಪರೀಕ್ಷಿಸಲಾಗಿದೆ.”

“ನೂರು ಕೋಣೆ ಮನೇಲಿ ಮೂರು ಬಾಗಿಲು ತೆಗೆದು, ಹಾವಿಲ್ಲ ಅಂದ ಹಾಗೆ,” ಎಂದರು ನರ್ಸಮ್ಮ.

ಅಕ್ಕ ಕತ್ತರಿ ಕೆಳಗಿಟ್ಟಳು. “ಇದೆ ಅಂತ ಗೊತ್ತಾದ್ರೆ ಬದುಕೋದು ಹೇಗೆ?”

“ಅಮ್ಮನಿಗೆ ಗೊತ್ತಾಗೋ ಹೊತ್ತಿಗೆ ಕೈಮೀರಿತ್ತು. ನಿನಗೆ ಹಾಗಾಗೋದು ಬೇಡ.”

ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ತಾಯಿಯ ಕಾಯಿಲೆಯ ವಿವರ ಕೇಳಿ, ಹಳೆಯ ವರದಿ ನೋಡಿ, ಇಬ್ಬರ ರಕ್ತವನ್ನೂ ಪೂರ್ಣ ವಂಶವಾಹಿ ಪರೀಕ್ಷೆಗೆ ಕಳಿಸಿದರು. ದೋಷ ಅಕ್ಕನಲ್ಲಿತ್ತು, ತಂಗಿಯಲ್ಲಿರಲಿಲ್ಲ. ತಪಾಸಣೆಯಲ್ಲಿ ಅಕ್ಕನ ಎದೆಯೊಳಗೆ, ಕೈಗೆ ಸಿಗದಷ್ಟು ಚಿಕ್ಕ ಗಂಟೂ ಕಂಡಿತು. ಮೊದಲ ಹಂತದ ಕ್ಯಾನ್ಸರ್. ಚಿಕಿತ್ಸೆ ಕೂಡಲೇ ಶುರುವಾಯಿತು.

ತಂಗಿ ಅತ್ತಳು. “ನನ್ನ ವರದಿ ನಂಬ್ಕೊಂಡು ನೀನು ಸುಮ್ಮನೆ ಕೂತಿದ್ರೆ, ಅಕ್ಕಾ?”

“ಕೂರಲಿಲ್ವಲ್ಲ. ನಿನಗಿಲ್ಲ ಅನ್ನೋದು ಈಗ ಖಾತ್ರಿ ಆಯ್ತು. ನನ್ನ ಜತೆ ಓಡಾಡೋಕೆ ಗಟ್ಟಿ ಜೀವ ಒಂದಿದೆ. ನಡಿ.”

ನಿಮ್ಮ ಮನೆಯಲ್ಲೂ ಇಂಥ ಹಳೆಯ ವರದಿ ಇದ್ದರೆ ಮತ್ತೆ ತೆರೆಯಿರಿ. ಏನು ನೋಡಿದ್ದಾರೆ ಎಂಬುದರ ಜತೆಗೆ ಏನು ನೋಡಿಲ್ಲ ಎಂಬುದನ್ನೂ ಓದಿ. ಒಬ್ಬರ ವರದಿಯನ್ನು ಇನ್ನೊಬ್ಬರಿಗೆ ಹೊಂದಿಸಬೇಡಿ. ‘ಇದೆ’ ಎಂದಿದ್ದರೂ ‘ಇಲ್ಲ’ ಎಂದಿದ್ದರೂ ಅದನ್ನು ವೈದ್ಯರಿಗೆ ತೋರಿಸಿ, ಮನೆಯವರ ಕಾಯಿಲೆಗಳನ್ನು ಮುಚ್ಚಿಡದೆ ಹೇಳಿ, ಅವರು ಹೇಳುವ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ಏನೇ ಬಂದರೂ ವೈದ್ಯರು ಹೇಳದೆ ತಪಾಸಣೆ ಬಿಡಬೇಡಿ. ಹೆದರಿಕೆಯಾಗುತ್ತದೆ, ನಿಜ. ಹೆದರಿಕೊಂಡೇ ಹೋಗಿ.