ಹೆಸರಿಲ್ಲದ ಪಿಸ್ತೂಲು

“ಎದೆಗವಚಿಕೊಂಡು ನಿಲ್ಲಬೇಡಿ ತಾಯಿ, ಅದೇನು ಹಾಲುಗೂಸೇ? ಇಲ್ಲಿ ಮೇಜಿನ ಮೇಲಿಡಿ,” ಎಂದ ಬಂದೂಕಿನ ಮೇಸ್ತ್ರಿ.

ಅವಳು ಟವೆಲಿನ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗಿದ್ದದ್ದು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಪಿಸ್ತೂಲು. ನಳಿಗೆ ಗಿಡ್ಡ, ಹಿಡಿಯ ಮರ ಒಂದು ಕಡೆ ಸೀಳಿತ್ತು, ಮೈಮೇಲೆ ಪೂಸಿದ್ದ ಬೆಳ್ಳಿಬಣ್ಣ ತೊನ್ನು ಹತ್ತಿದಂತೆ ಅಲ್ಲಲ್ಲಿ ಕಿತ್ತುಬಂದಿತ್ತು. ಅದರ ಜೊತೆಗೆ ಬಾಯಿ ಹೊಲಿದ ಒಂದು ಬಟ್ಟೆಚೀಲವೂ ಇತ್ತು.

“ಠಾಣೆಯಲ್ಲಿ ಕಾಗದ ಕೇಳ್ತಾರೆ,” ಎಂದಳು. “ಪರವಾನಗಿ ಇಲ್ಲದ ಹಳೇದನ್ನೆಲ್ಲ ಒಪ್ಪಿಸಬೇಕಂತೆ. ಯಾವ ಜಾತಿದು, ಎಲ್ಲಿದು ಅಂತ ತಿಳಿದವರ ಹತ್ತಿರ ಬರೆಸಿಕೊಂಡು ಬನ್ನಿ ಅಂದ್ರು.”

“ಆಂ?”

ಮೇಸ್ತ್ರಿಗೆ ಕಿವಿ ಮಂದ. ಆಯುಷ್ಯವೆಲ್ಲ ಬಂದೂಕು ಹಾರಿಸಿ ನೋಡಿದವನಿಗೆ ಇನ್ನೇನು ಉಳಿದೀತು? ಅವಳು ಅಷ್ಟನ್ನೂ ಕೂಗಿ ಹೇಳಬೇಕಾಯಿತು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಗಾಳಿಕೋವಿಯ ಗುಂಡು ಕೊಳ್ಳಲು ಬಂದಿದ್ದ ಬೊಜ್ಜಿನ ಗಿರಾಕಿ ತನ್ನ ಕೆಲಸ ಮುಗಿದಿದ್ದರೂ ಹೋಗದೆ ಬಾಯಲ್ಲಿ ಹಲ್ಲುಕಡ್ಡಿ ಆಡಿಸುತ್ತ ನಿಂತುಕೊಂಡ.

ಕಾಗದ ಒಂದು ನೆಪ. ಅವಳು ಕೇಳಬೇಕಿದ್ದ ಪ್ರಶ್ನೆ ಬೇರೆ. ಬೆಳಿಗ್ಗೆ ಅಮ್ಮ ಅದನ್ನು ಅವಳ ಕೈಗೆ ಕೊಡುವಾಗ, “ಅದು ತಾನಾಗೇ ಹಾರೋ ಜಾತಿದಾ ಅಂತ ಒಂದು ಮಾತು ಕೇಳಿಕೊಂಡು ಬಾ,” ಎಂದಿದ್ದಳು. ಅಪ್ಪ ಸತ್ತ ಮೇಲೆ ಅದರ ಬಗ್ಗೆ ಅಮ್ಮ ಆಡಿದ ಮೊದಲ ಮಾತು ಅದು.

ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಸೈಕಲ್ ಮೇಲೆ ಊರೂರು ತಿರುಗುವ ಕೆಲಸ. ದಾರಿಯ ನಾಯಿಗಳನ್ನು ಹೆದರಿಸಲೆಂದು ಹಳೇ ಸಾಮಾನಿನ ಸಂತೆಯಲ್ಲಿ ಇದನ್ನು ಕೊಂಡಿದ್ದರು. ಒಂದು ಬೆಳಿಗ್ಗೆ ಹಿತ್ತಿಲಿನ ಸೈಕಲ್ ಕೊಟ್ಟಿಗೆಯಲ್ಲಿ ಢಮ್ ಎಂದಿತು. ಗುಂಡು ಗದ್ದದ ಕೆಳಗೆ ಹೊಕ್ಕು ಮೇಲಕ್ಕೆ ಹೋಗಿತ್ತು. ಪೊಲೀಸರು ‘ಆಕಸ್ಮಿಕ’ ಎಂದು ಬರೆದು, ತೋಟಾಗಳನ್ನು ಚೀಲದಲ್ಲಿ ಹೊಲಿದು ಪಿಸ್ತೂಲಿನ ಜೊತೆಗೇ ವಾಪಸು ಕೊಟ್ಟರು. ಪಾಪ, ಕಾಂಪೌಂಡರ ಮರ್ಯಾದೆ ಉಳಿಸಿದರು ಎಂದು ಬೀದಿಯವರು ಅಂದುಕೊಂಡರು. ಅಮ್ಮ ಏನಂದುಕೊಂಡಳು ಎಂಬುದು ಮಗಳಿಗೆ ಮಾತ್ರ ಗೊತ್ತಿತ್ತು. ಅಂದು ಬೆಳಿಗ್ಗೆ ಯಾವುದೋ ಸಣ್ಣ ಮಾತಿಗೆ ಜಗಳವಾಗಿ ಅಮ್ಮ, “ನೀವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ,” ಎಂದುಬಿಟ್ಟಿದ್ದಳು. ಅದಾಗಿ ಗಂಟೆಯೊಳಗೇ ಕೊಟ್ಟಿಗೆಯಲ್ಲಿ ಆ ಸದ್ದು.

ಮೇಸ್ತ್ರಿ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ ಪಿಸ್ತೂಲನ್ನು ತಿರುವಿ ನೋಡಿದ. ಒಂದು ಕಡ್ಡಿ ಎಳೆದು ಗುಂಡು ತುಂಬುವ ಉರುಳೆಯನ್ನು ಕಳಚಿ ಬೆಳಕಿಗೆ ಹಿಡಿದ. ಕಂಪನಿಯ ಹೆಸರು ಎಲ್ಲೂ ಇಲ್ಲ. ಉರುಳೆಯ ಬೆನ್ನಿನಲ್ಲಿ ಸಾಸಿವೆಯಷ್ಟು ಚಿಕ್ಕ ಮೊಟ್ಟೆಯಾಕಾರದ ಮುದ್ರೆ, ಅದರೊಳಗೆ ಮಸುಕು ಅಕ್ಷರ.

“ಇದು ಹಡಗು ಹತ್ತಿ ಬಂದ ಮಾಲು ತಾಯಿ. ಪರದೇಶದ್ದು ಅಂತ ಹಿಗ್ಗಬೇಡಿ, ಅಲ್ಲಿಯ ಅಗ್ಗದ್ದು. ಒಂದೂರಿಗೆ ಊರೇ ಮನೆಮನೆಯಲ್ಲಿ ಕೂತು ಅರದಿಂದ ಉಜ್ಜಿ ಮಾಡ್ತಿದ್ರು. ಗಂಡ ನಳಿಗೆ, ಹೆಂಡತಿ ಹಿಡಿ, ಅತ್ತೆ ಬೈಗುಳ. ಮೊಳೆ ಮಾರೋ ಅಂಗಡಿಯಲ್ಲಿ ಮೊಳೆಯ ಪಕ್ಕದಲ್ಲೇ ಸಿಗ್ತಿತ್ತು. ಹೆಸರು ಹಾಕಿದ್ರೆ ಬೈಸಿಕೊಳ್ಳೋರು ಯಾರು ಅಂತ ಹಾಕ್ತಿರಲಿಲ್ಲ.”

ಅವಳು ಬಗ್ಗಿ ನೋಡಿದಳು. ಅವಳದು ಹಲ್ಲಿನ ಡಾಕ್ಟರರಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ. ಅರದ ಗೀರು ಅವಳಿಗೆ ಹೊಸದಲ್ಲ. ಉರುಳೆಯ ಮೇಲೂ ಚೌಕಟ್ಟಿನ ಒಳಗೂ ಒಂದೇ ಅಂಕಿ ಗೀಚಿತ್ತು. ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋಗದಿರಲೆಂದು ಅವಳೂ ಅಚ್ಚಿನ ಮೇಲೆ ಹೀಗೆಯೇ ಗೀಚುತ್ತಿದ್ದಳು.

“ಯಜಮಾನ್ರೇ, ಇದು ತಾನಾಗೇ ಹಾರುತ್ತಾ?”

“ಆಂ?”

“ತಾನಾಗೇ ಹಾರುತ್ತಾ ಅಂತ!” ಇಡೀ ಅಂಗಡಿಗೆ ಕೇಳಿಸಿತು. ಬೊಜ್ಜಿನ ಗಿರಾಕಿ ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದ.

ಮೇಸ್ತ್ರಿ ನಗಲಿಲ್ಲ. ಅವಳ ಮುಖವನ್ನೊಮ್ಮೆ ನೋಡಿದ. “ಯಾರಿಗೆ ತಗಲಿತ್ತು?”

“ನಮ್ಮಪ್ಪನಿಗೆ.”

“ಎಲ್ಲಿ?”

ಅವಳು ಬೆರಳಿನಿಂದ ತನ್ನ ಗದ್ದದ ಕೆಳಗೆ ಮುಟ್ಟಿ ತೋರಿಸಿದಳು.

ಅವನು ಉರುಳೆಯನ್ನು ಮತ್ತೆ ಕೂರಿಸಿದ. ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ನಳಿಗೆಯ ಬಾಯಿಂದ ಒಳಗೆ ಇಳಿಬಿಟ್ಟು ಪಿಸ್ತೂಲನ್ನು ಮೇಲ್ಮುಖವಾಗಿ ಹಿಡಿದ. ಆಮೇಲೆ ಹಿಂದೆ ಚಾಚಿಕೊಂಡಿದ್ದ ಪುಟ್ಟ ಸುತ್ತಿಗೆಯಂಥ ಭಾಗಕ್ಕೆ ಒಂದು ಮರದ ತುಂಡಿನಿಂದ ಟಕ್ ಎಂದು ಬಡಿದ. ಗುಂಡು ಹಾರಿಸಲು ಎಳೆಯುವ ಕುದುರೆಗೆ ಬೆರಳು ಸೋಕಿಸಿರಲಿಲ್ಲ. ಪೆನ್ಸಿಲ್ ಚಿಮ್ಮಿ ಅವನ ಮೂಗಿನ ಮುಂದೆಯೇ ಹಾದು ಮೇಜಿನ ಆಚೆ ಬಿತ್ತು.

“ನೋಡಿದ್ರಾ? ಈ ಸುತ್ತಿಗೆ ಸದಾ ತೋಟಾದ ಬೆನ್ನಿಗೆ ಆನಿಕೊಂಡೇ ಇರುತ್ತೆ. ಒಳ್ಳೇ ಮಾಲಿನಲ್ಲಿ ನಡುವೆ ತಡೆ ಇರುತ್ತೆ. ಇದರಲ್ಲಿ ಇಲ್ಲ. ಹಿಂಬದಿ ಕೆಳಗಾಗಿ ಕಲ್ಲಿನ ಮೇಲೆ ಬಿತ್ತೋ, ನೆಟ್ಟಗೆ ಮೇಲಕ್ಕೆ ಹಾರುತ್ತೆ.” ಅವನು ಸುತ್ತಿಗೆಯ ತುದಿಯನ್ನು ಅವಳ ಕಡೆ ತಿರುಗಿಸಿದ. ಅದು ಒಂದು ಕಡೆ ಚಕ್ಕೆ ಎದ್ದು ಬಗ್ಗಿತ್ತು. “ಇದು ಬಿದ್ದಿರೋ ಗುರುತು. ಕೈಯಲ್ಲಿ ಹಿಡಿದು ಹೊಡೆದುಕೊಂಡಿದ್ದರೆ ಹೀಗಾಗ್ತಿರಲಿಲ್ಲ. ಅವರು ಬಗ್ಗಿದ್ರಾ?”

“ಸೈಕಲ್ ಪಂಪು ಕಾಲ ಹತ್ತಿರಾನೇ ಬಿದ್ದಿತ್ತು. ನೆಲ ಕಲ್ಲುಚಪ್ಪಡಿ.”

“ಮತ್ತಿನ್ನೇನು? ಗಾಳಿ ಹೊಡೆಯೋಕೆ ಬಗ್ಗಿದ್ದಾರೆ, ಎದೆ ಜೇಬಿನಿಂದ ಜಾರಿದೆ.”

ಅವಳಿಗೆ ಕೂರಬೇಕೆನಿಸಿತು. ಬೊಜ್ಜಿನ ಗಿರಾಕಿ ಎಲ್ಲಿಂದಲೋ ಸ್ಟೂಲು ಎಳೆದು ತಂದು ಅವಳ ಹಿಂದೆ ಇಟ್ಟ. “ಕೂತ್ಕೊಳ್ಳಿ ಅಕ್ಕಾ,” ಎಂದ, ತನ್ನ ಮನೆಯದೇ ಸಂಗತಿಯೇನೋ ಎಂಬಂತೆ.

ಮೇಸ್ತ್ರಿ ಬಟ್ಟೆಚೀಲದ ಹೊಲಿಗೆ ಕತ್ತರಿಸಿ ಒಳಗಿದ್ದದ್ದನ್ನು ಸುರಿದ. ಐದು ಹಸಿರು ಹಿಡಿದ ತೋಟಾಗಳು, ಒಂದು ಖಾಲಿ ಚಿಪ್ಪು. ಒಂದೊಂದನ್ನೂ ಬೆರಳಿನಿಂದ ಸರಿಸಿ ಎಣಿಸಿದ.

“ಒಂದೇ ಒಂದು ಅರ್ಥ ಆಗಲ್ಲ ತಾಯಿ. ಇಂಥದ್ದನ್ನ ಜೇಬಲ್ಲಿ ಇಟ್ಟುಕೊಳ್ಳೋರು ಉರುಳೆಯಲ್ಲಿ ಸುತ್ತಿಗೆ ಆನೋ ಮನೆಯನ್ನ, ಅಂದ್ರೆ ತೋಟಾ ಕೂರೋ ತೂತನ್ನ, ಖಾಲಿ ಬಿಡ್ತಿದ್ರು. ಆರು ಮನೆ, ಐದೇ ಬಾಡಿಗೆ. ಆಗ ಬಿದ್ದರೂ ಏನೂ ಆಗಲ್ಲ. ಅವತ್ತು ಆರೂ ತುಂಬಿದೆ. ಗೊತ್ತಿಲ್ಲದವರು ತುಂಬಿಸಿದ್ದು.”

“ಅಪ್ಪಂಗೆ ಗೊತ್ತಿರಲಿಲ್ಲವೇನೋ.”

“ಇರಬಹುದು,” ಎಂದು ಅವನು ಕಾಗದ ಬರೆಯತೊಡಗಿದ.

ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಅವಳು ನಿಂತೇ ಬಂದಳು. ಹಿತ್ತಿಲ ಮೆಟ್ಟಿಲನ್ನು ಹುಡುಗಿಯಂತೆ ಹತ್ತಿದಳು. ಅಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಮೊರ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ.

“ಚಪ್ಪಲಿ ಆಚೆ ಬಿಡು,” ಎಂದಳು. ಮತ್ತೆ ಎರಡು ಸಿಪ್ಪೆ ಬಿಡಿಸಿ, “ಏನಂದ?” ಎಂದಳು.

“ತಾನಾಗೇ ಹಾರುತ್ತಂತಮ್ಮ. ಕೆಳಗೆ ಬಿದ್ದರೆ ಸಾಕಂತೆ. ಬಿದ್ದ ಗುರುತು ಅದರ ಮೇಲೇ ಇದೆ, ನಾನೇ ನೋಡಿದೆ. ಗಾಳಿ ಹೊಡೆಯೋಕೆ ಬಗ್ಗಿದಾಗ ಜಾರಿದೆ.”

ಅಮ್ಮನ ಕೈ ನಿಂತಿತು.

“ಇನ್ನೊಂದು ಸಲ ಹೇಳು.”

ಅವಳು ಮತ್ತೆ ಹೇಳಿದಳು. ಪೆನ್ಸಿಲ್ ಚಿಮ್ಮಿದ್ದನ್ನೂ, ಅದು ಮೇಸ್ತ್ರಿಯ ಮೂಗಿಗೆ ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಸೇರಿಸಿ ಹೇಳಿದಳು.

“ಹಾಗಾದರೆ ನಾನು ಅಂದದ್ದಕ್ಕಲ್ಲ,” ಎಂದಳು ಅಮ್ಮ. ಮಗಳಿಗೆ ಹೇಳಿದಂತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಮೂಗು ಒರೆಸಿಕೊಂಡಳು, ಕೊನೆಗೆ ಒಂದು ಬಟಾಣಿ ಎತ್ತಿ ಬಾಯಿಗೆ ಹಾಕಿಕೊಂಡಳು. “ಮೂಗಿಗೆ ತಗಲಬೇಕಿತ್ತು ಅವನಿಗೆ. ಗಂಡಸರೆಲ್ಲ ಒಂದೇ, ಅದರ ಬಾಯಿಗೆ ಮುಖ ಕೊಟ್ಟು ನಿಲ್ಲೋದೇ.”

ಇಬ್ಬರೂ ನಕ್ಕರು. ಕಟ್ಟೆ ಒಡೆದಂತೆ ಅಮ್ಮನ ಬಾಯಿಗೆ ಮಾತು ಬಂತು. ಅಪ್ಪ ಕೋಟನ್ನು ಎಲ್ಲೆಂದರಲ್ಲಿ ಬಿಸಾಡುತ್ತಿದ್ದದ್ದು, ದನಕ್ಕೆ ಕೊಡುವ ಔಷಧಿಯ ರುಚಿ ತಾವೇ ನೋಡುತ್ತಿದ್ದದ್ದು, ಎಲ್ಲ ಕೆಲಸವೂ ಅರೆಬರೆ.

“ಆ ಪಿಸ್ತೂಲೂ ಅಷ್ಟೇ ನೋಡು. ಯಾವಾಗಲೂ ಒಂದು ಮನೆ ಖಾಲಿ. ಗುಂಡು ತುಂಬೋಕೂ ಜುಗ್ಗತನವೋ, ಮರೆವೋ. ಅವತ್ತು ಹಾಗಂದ ಮೇಲೆ ನನಗೇ ಕೆಟ್ಟೆನಿಸಿತು. ತಪ್ಪಾಯ್ತು ಅನ್ನೋ ಬಾಯಿ ನನ್ನದಲ್ಲ, ನಿನಗೆ ಗೊತ್ತಲ್ಲ. ಅವರು ಸ್ನಾನಕ್ಕೆ ಹೋದಾಗ ಕೋಟು ಕೊಡವಿ, ಕಿತ್ತಿದ್ದ ಗುಂಡಿ ಹೊಲಿದೆ. ಜೇಬಲ್ಲಿ ಅದು. ನೋಡಿದೆ, ಯಥಾಪ್ರಕಾರ ಐದೇ. ಆ ದಾರಿಯ ನಾಯಿಗಳೇನು ಎಣಿಸಿಕೊಂಡು ಬರ್ತವಾ? ಗುಂಡಿನ ಡಬ್ಬಿಯಿಂದ ಒಂದು ತೆಗೆದು ತುಂಬಿಸಿಟ್ಟೆ. ಬಾಯಲ್ಲಿ ಏನೇ ಅಂದಿರಲಿ, ಅಷ್ಟಾದರೂ ಅವರಿಗೆ ಮಾಡಿದೆನಲ್ಲ ಅಂತ, ಇಷ್ಟು ವರ್ಷ ಅದೊಂದೇ ನನಗೆ ಸಮಾಧಾನ.”

ಮಗಳು ಸಿಪ್ಪೆಯ ರಾಶಿಗೆ ಕೈ ಹಾಕಿದವಳು ತೆಗೆಯಲಿಲ್ಲ. ಒಂದು ಸಿಪ್ಪೆಯನ್ನು ಸೀಳಿದಳು. ಒಳಗೆ ಏನೂ ಇರಲಿಲ್ಲ, ಆಗಲೇ ಸುಲಿದದ್ದು.

“ಯಾಕೆ ಸುಮ್ಮನಾದೆ? ಅವನು ಇನ್ನೇನಾದರೂ ಅಂದನಾ?”

“ಇಲ್ಲಮ್ಮ.”

“ಮತ್ತೆ?”

“ಅಗ್ಗದ ಮಾಲು ಅಂದ. ಮಾಡಿದವರ ಹೆಸರೇ ಇಲ್ಲವಂತೆ.”

“ತುಂಬಿಸಿದ್ದು ಸರಿಯಲ್ಲವೇನೇ? ನಾಯಿ ಕಾಟ ಅಷ್ಟಿತ್ತು.”

“ನಾನಾಗಿದ್ದರೂ ತುಂಬಿಸ್ತಿದ್ದೆ,” ಎಂದಳು ಮಗಳು. ಅವಳ ಧ್ವನಿ ಅಂಗಡಿಯಲ್ಲಿ ಕೂಗಿದ ಧ್ವನಿಯಷ್ಟೇ ಗಟ್ಟಿಯಾಗಿ ಬಂತು. ಅಮ್ಮ ಚಕಿತಳಾಗಿ, “ನನಗೇನು ಕಿವುಡೇ?” ಎಂದಳು.

ಮಗಳು ನೀರು ಕುಡಿಯಲು ಎದ್ದಳು. ಒಂದು ಲೋಟ ಕುಡಿದು, ಇನ್ನೊಂದು ಬಗ್ಗಿಸಿಕೊಂಡು ಅದನ್ನೂ ಕುಡಿದಳು. ಹಿಂದಿನಿಂದ ಕುರ್ಚಿ ಎಳೆಯುವ ಸದ್ದಾಯಿತು. ತಿರುಗಿ ನೋಡಿದರೆ ಅಮ್ಮ ಒಂದು ಕೈಯಲ್ಲಿ ಮೊರ, ಇನ್ನೊಂದರಲ್ಲಿ ಕುರ್ಚಿ ಹಿಡಿದು, ನೆಲಕ್ಕೆ ಗೀರು ಬೀಳಿಸುತ್ತ ನಡುಮನೆ ದಾಟುತ್ತಿದ್ದಳು. “ಕೊಡು ನಾನು ತರ್ತೀನಿ,” ಎಂದರೆ ಕೇಳಲಿಲ್ಲ. ಅಪ್ಪ ಸತ್ತ ಮೇಲೆ ಹಿತ್ತಿಲ ಬಾಗಿಲಲ್ಲೇ ಓಡಾಟವಾಗಿ ಬೀದಿ ಬಾಗಿಲಿನ ಅಗುಳಿ ಬಿಗಿದುಕೊಂಡಿತ್ತು. ಮೊಣಕೈಯಿಂದ ಗುದ್ದಿ ತೆಗೆದಳು.

ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಅಮ್ಮ ಬೀದಿಗೆ ಮುಖ ಮಾಡಿ ಕೂತಳು. ಎದುರುಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿ ಒದ್ದೆ ಅಂಗಿ ಹಿಡಿದೇ ನಿಂತಳು. “ಬಾರೇ,” ಎಂದು ಅಮ್ಮ ಕೂಗಿದಳು, “ಬಟಾಣಿ ಎಳೇದಿದೆ, ಒಂದು ಹಿಡಿ ತಗೊಂಡು ಹೋಗು.” ಆ ಹೆಂಗಸು ಅಂಗಿಯನ್ನು ಹಗ್ಗಕ್ಕೆ ಎಸೆದು, ಕೈ ಒರೆಸಿಕೊಳ್ಳುತ್ತ ಬೀದಿ ದಾಟಿದಳು. ಮಗಳು ಒಳಗಿನಿಂದ ನೋಡುತ್ತ ನಿಂತಳು. ಬಿಸಿಲಿಗೆ ಅಮ್ಮನ ಕಿವಿ ಕೆಂಪಗೆ ಹೊಳೆಯುತ್ತಿತ್ತು.