ತಣಿಸುವ ಗೂಡು

ಗಾಜು ಊದುವವಳ ಕೆಲಸದ ಕೋಣೆಯಲ್ಲಿ ಒಂದು ಗೂಡಿತ್ತು, ಬಿಸಿ ಗಾಜನ್ನು ಮೆಲ್ಲಗೆ ತಣಿಸುವ ಗೂಡು. ಊದಿದ ಪಾತ್ರೆಯನ್ನು ಒಳಗಿಟ್ಟು ಉರಿಯನ್ನು ಕೂದಲೆಳೆಯಷ್ಟೇ ಇಳಿಸುತ್ತಾ ಬರಬೇಕು. ಅವಸರ ಮಾಡಿದರೆ ಪಾತ್ರೆ ಚೂರುಚೂರು. ಒಂದು ಬೆಳಿಗ್ಗೆ ಅವಳು ಬಟ್ಟಲೊಂದನ್ನು ಊದಿ ಗೂಡಿಗಿಟ್ಟಳು. ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದವಳು ಮತ್ತೆ ಏಳಲಿಲ್ಲ.

ಮಗಳು ಉರಿ ಇಳಿಸಲೇ ಇಲ್ಲ. ಇಳಿಸಿದರೆ ಒಡೆದೀತೆಂದು ಹೆದರಿ, ಇನ್ನಷ್ಟು ಏರಿಸಿಯೇ ಇಟ್ಟಳು. ಗೂಡಿನ ಮುಂದೆಯೇ ಚಾಪೆ, ಅಲ್ಲೇ ತುತ್ತು, ಅಲ್ಲೇ ತೂಕಡಿಕೆ. ವಾರ ಕಳೆಯಿತು. ಇವತ್ತು ಕಡೆಯ ಗ್ಯಾಸ್ ಸಿಲಿಂಡರಿನ ಉರಿ ನಡುಗತೊಡಗಿತ್ತು.

"ಮಾವ, ಇನ್ನೊಂದು ತರ್ತೀರಾ?"

"ಎಲ್ಲಿಂದ ತರ್ಲಿ ತಾಯಿ? ನಾಳೆವರೆಗೂ ಇಲ್ಲ ಅಂದ ಅಂಗಡಿಯವನು. ಸಂಜೆಯೊಳಗೆ ಇದು ಬುಸ್ ಅಂತ ಆರಿಹೋಗುತ್ತೆ. ಆಮೇಲೆ ನಿನ್ನ ಬಟ್ಟಲು..." ಸೋದರಮಾವ ಖಾಲಿ ಸಿಲಿಂಡರನ್ನು ಬಾಗಿಲ ಕಡೆಗೆ ಸರಿಸಿದ.

ಅಜ್ಜಿ ಬಂದು ಚಾಪೆಯ ತುದಿಯಲ್ಲಿ ಕೂತಳು. "ಏನೇ, ಗೂಡನ್ನೇ ಕಟ್ಟಿಕೊಂಡು ಸಂಸಾರ ಮಾಡ್ತೀಯಾ?"

"ಅಮ್ಮನ ಉಸಿರು ಅದರೊಳಗಿದೆ ಅಜ್ಜಿ."

"ಊದೋ ಕೊಳವೆಯಿಂದ ಬಟ್ಟಲು ಬಿಡಿಸಿದಾಗಲೇ ಉಸಿರು ಹೋಯ್ತು ಕಣೇ." ಅಜ್ಜಿಯ ದನಿ ಒಡೆಯಿತು. "ನಿನಗೆ ಅಮ್ಮ, ನನಗೆ ಮಗಳು. ನೋವಿಲ್ಲ ಅಂತ ಬುದ್ಧ ಹೇಳ್ಲಿಲ್ಲ, ಇದೆ ಅಂತಲೇ ಶುರು ಮಾಡ್ದ. ಆ ಉರಿಗೆ ಸೌದೆ ಹಾಕ್ತಿರೋದು ಯಾರು ನೋಡ್ಕೋ ಅಂದ. ಹೋಗಬಾರದು, ಹೋಗಬಾರದು ಅಂತ ಹಿಡ್ಕೊಳ್ತೀವಲ್ಲ, ಅದೇ ಸೌದೆ. ಹಾಕೋದು ನಿಲ್ಸಿದ್ರೆ ಆರುತ್ತೆ."

"ಬಿಡು ಅಂದ ತಕ್ಷಣ ಬಿಡಕ್ಕಾಗುತ್ತಾ?"

"ಒಂದೇ ಏಟಿಗೆ ಬಿಡು ಅಂದವರು ಯಾರು? ಅದಕ್ಕೇ ದಾರಿ ಅಂತ ತೋರಿಸಿದ್ದು. ಎಚ್ಚರವಾಗಿ, ಒಂದೊಂದೇ ಹೆಜ್ಜೆ. ಗೂಡು ತಣಿಸೋಳಿಗೆ ಇದನ್ನೂ ನಾನೇ ಹೇಳ್ಕೊಡ್ಬೇಕಾ?"

ಮೊಮ್ಮಗಳು ಉರಿಯ ತಿರುಪಿನ ಮೇಲೆ ಕೈಯಿಟ್ಟಳು. ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು ಕಾದಳು. ಮತ್ತಿಷ್ಟು. ಬಿಸಿಲು ಮೇಜಿನಿಂದ ಗೋಡೆಗೆ ಸರಿಯಿತು. ಇದ್ದಕ್ಕಿದ್ದಂತೆ ಒಳಗಿಂದ ಟಿಕ್ ಎಂದಿತು.

ಬಟ್ಟಲು ಬಿರಿಯಿತೇ? ಏರಿಸು, ಏರಿಸು ಎಂದು ಬೆರಳುಗಳೇ ಓಡಿದವು. ಈಗ ಕಾವು ದಿಢೀರನೆ ಏರಿಸಿದರೆ ಬಟ್ಟಲು ಖಂಡಿತ ಬಿರಿಯುತ್ತದೆ, ಅವಳಿಗೆ ಗೊತ್ತಿತ್ತು. ಅಜ್ಜಿ ತಡೆಯಲಿಲ್ಲ. ಭಯ ಹೋಗಲಿಲ್ಲ. ಅವಳು ಅದರ ಜೊತೆಯೇ ಕೂತಳು. ಓಡಿಸಲಿಲ್ಲ, ಓಡಲಿಲ್ಲ. ಕೊನೆಗೆ ಬೆವೆತ ಬೆರಳು ತಿರುಪನ್ನು ಇನ್ನಷ್ಟು ಇಳಿಸಿತು.

ಸಂಜೆ ಉರಿ ತಾನಾಗಿಯೇ ಪುಸ್ಸೆಂದು ಆರಿದಾಗ, ಗೂಡು ಆಗಲೇ ಅಂಗೈಯಷ್ಟು ಬೆಚ್ಚಗಿತ್ತು.

ಬಾಗಿಲು ತೆರೆದಳು. ಟಿಕ್ ಎಂದದ್ದು ಗೂಡಿನ ತಗಡು. ಬಟ್ಟಲು ಒಡೆದಿರಲಿಲ್ಲ. ಆದರೆ ವಾರವಿಡೀ ಏರಿಸಿಟ್ಟ ಕಾವಿಗೆ ಒಂದು ಕಡೆ ವಾಲಿ, ಕತೆ ಕೇಳುವ ಮಗುವಿನಂತೆ ಕೂತಿತ್ತು.

"ನಾನೇ ಬಗ್ಗಿಸಿಬಿಟ್ಟೆ, ಅಜ್ಜಿ."

"ಹೂಂ. ನಿನ್ನಷ್ಟೇ ಸೊಟ್ಟ." ಅಜ್ಜಿ ಆ ಬಟ್ಟಲಿಗೇ ನೀರು ಬಗ್ಗಿಸಿ ಕೊಟ್ಟಳು. "ಕುಡಿ. ಬೆಳಿಗ್ಗೆಯಿಂದ ಗಂಟಲು ಒಣಗಿಸ್ಕೊಂಡು ಕೂತಿದೀಯ."

ವಾಲಿದ ಅಂಚಿನಿಂದ ನೀರು ಗಲ್ಲದ ಮೇಲೆ ಇಳಿಯಿತು. ಅಮ್ಮ ಹೋದಂದಿನಿಂದ ಬಾರದಿದ್ದ ಅಳು ಅದರ ಹಿಂದೆಯೇ ಬಂತು.

ಅದು ನಿಂತ ಮೇಲೆ ಮಾವ ಮೆಲ್ಲಗೆ ಕೇಳಿದ, "ಬೀರುವಿನಲ್ಲಿ ಜೋಪಾನವಾಗಿ ಇಡ್ಲಾ?"

"ಬೇಡ, ನೀರಿನ ಕೊಡದ ಪಕ್ಕ ಇಡಿ. ಎಲ್ಲರೂ ಕುಡೀಲಿ."

"ಒಡೆದುಹೋದ್ರೆ?"

ಅವಳು ಗಲ್ಲ ಒರೆಸಿಕೊಂಡಳು. "ಗಾಜು ತಾನೇ, ಮಾವ."